ಬೆಟ್ಟದ ಬೇಟೆಯೂ ಕೊಂಡುಕುರಿಯೂ

ದಾವಣಗೆರೆ ಜಿಲ್ಲೆಯ ಭೂಪಟವನ್ನು ಎದುರಿಗೆ ಹರಡಿಕೊಂಡು ನೈಋತ್ಯದ ಮೂಲೆಯಿಂದ ಈಶಾನ್ಯದ ಮೂಲೆಗೆ ಒಂದು ಗೆರೆಯನ್ನು ಎಳೆಯೋಣ. ಗೆರೆಯ ಒಂದು ತುದಿಯಲ್ಲಿ ಚನ್ನಗಿರಿ, ನ್ಯಾಮತಿಗಳಿವೆ. ಚನ್ನಗಿರಿಯ ಉಬ್ರಾಣಿಯ ಕಾಡು ಭದ್ರಾ ಅರಣ್ಯದ ದಿಕ್ಕಿಗೆ ಕೈ ಚಾಚಿಕೊಂಡಿದೆ. ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಗುಡ್ಡಗಳಿಗೆ ಮಲೆನಾಡಿನ ಗಾಳಿ ಇನ್ನೂ ಸೋಕುತ್ತದೆ. ನಡುವೆ ತುಂಗಭದ್ರೆಯ ದಡದ ಹೊನ್ನಾಳಿಯ ಬಯಲು. ಇನ್ನೊಂದು ತುದಿಯಲ್ಲಿ ಜಗಳೂರು: ಮಳೆ ಕಡಮೆ, ಕಲ್ಲುಗುಡ್ಡಗಳು, ಕುರುಚಲು ಗಿಡ, ಬೇಸಗೆಯಲ್ಲಿ ಬೂದುಬಣ್ಣಕ್ಕೆ ತಿರುಗುವ ಹುಲ್ಲು. ಹಿಂದೆ ಮೊದಲ ಮೂರು ಊರುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. 1997ರಲ್ಲಿ ಹೊಸ ಜಿಲ್ಲೆಯೊಂದು ಹುಟ್ಟಿ ಇವನ್ನು ಒಂದುಗೂಡಿಸಿತು. ಮಳೆಗೆ ಮಾತ್ರ ಈ ಒಂದುಗೂಡಿಕೆಯ ಸುದ್ದಿ ತಿಳಿದಂತಿಲ್ಲ. ಗೆರೆಯ ಉದ್ದಕ್ಕೂ ಅದು ಇಳಿಯುತ್ತ ಹೋಗುತ್ತದೆ. ಅದರೊಡನೆ ಕಾಡು ಬದಲಾಗುತ್ತದೆ, ಕಾಡಿನೊಡನೆ ಕೊಂಬಿನ ಪ್ರಾಣಿಗಳೂ ಬದಲಾಗುತ್ತವೆ.

ಮಲೆನಾಡಿನ ಅಂಚಿನ ಕಾಡು ಕಡವೆಯದು, ಬಯಲು ಕೃಷ್ಣಮೃಗದ್ದು, ಜಗಳೂರಿನ ಕಲ್ಲುಗುಡ್ಡ ಕೊಂಡುಕುರಿಯದು. ನಮ್ಮ ಹಿರಿಯರು ಈ ಮೂರನ್ನೂ ಬೇಟೆಯಾಡಿದರು. ಆದರೆ ಮೂರನ್ನೂ ಒಂದೇ ರೀತಿಯಲ್ಲಿ ಆಡಲಿಲ್ಲ. ಬೇಟೆಯ ಒಂದೊಂದು ಕ್ರಮವೂ ಆಯಾ ಪ್ರಾಣಿಯ ನಡವಳಿಕೆಯನ್ನು ಅರಿತು ಹೂಡಿದ ಉಪಾಯವೇ ಆಗಿತ್ತು. ಅದೇ ನಡವಳಿಕೆಯೇ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ: ಯಾವ ಪ್ರಾಣಿ ಬೇಟೆಯನ್ನು ತಾಳಿಕೊಳ್ಳಬಲ್ಲದು, ಯಾವುದು ತಾಳಲಾರದು?

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ನಾವು ಇವೆಲ್ಲವನ್ನೂ 'ಜಿಂಕೆ' ಎಂದುಬಿಡುತ್ತೇವೆ. ಪ್ರಾಣಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕಡವೆಯೂ ಚುಕ್ಕೆಯ ಜಿಂಕೆಯೂ ಜಿಂಕೆಯ ಕುಲಕ್ಕೆ ಸೇರಿದವು. ಇವುಗಳ ಕವಲುಕೊಂಬು ಅಪ್ಪಟ ಮೂಳೆ. ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ದಕ್ಷಿಣದ ಕಡವೆ ಸಾಮಾನ್ಯವಾಗಿ ಬೇಸಗೆಯ ಮೊದಲಿಗೆ ಕೊಂಬನ್ನು ಕಳಚುತ್ತದೆ. ಮಳೆಗಾಲದಲ್ಲಿ ಮಖಮಲ್ಲಿನಂಥ ಚರ್ಮ ಹೊದ್ದ ಹೊಸ ಕೊಂಬು ಮೂಡುತ್ತದೆ. ಚಳಿಗಾಲದ ಹೊತ್ತಿಗೆ ಅದು ಗಟ್ಟಿಯಾಗಿ ಕಾದಾಟಕ್ಕೆ ಸಿದ್ಧವಾಗುತ್ತದೆ. ಕೃಷ್ಣಮೃಗವೂ ಕೊಂಡುಕುರಿಯೂ ದನ, ಆಡು, ಕುರಿಗಳ ನೆಂಟರು. ಇವುಗಳ ಕೊಂಬಿನಲ್ಲಿ ಮೂಳೆಯ ತಿರುಳಿನ ಮೇಲೆ ಕೊಂಬಿನ ಒರೆಯೊಂದು ಇರುತ್ತದೆ. ಅದು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಕಾಡಿನಲ್ಲಿ ಬಿದ್ದು ಸಿಕ್ಕಿದ ಕವಲುಕೊಂಬು ಕಡವೆ ಸತ್ತಿತೆಂಬುದಕ್ಕೆ ಸಾಕ್ಷಿಯಲ್ಲ. ಕೃಷ್ಣಮೃಗದ ತಿರುಚುಕೊಂಬು ನೆಲದಲ್ಲಿ ಸಿಕ್ಕಿದರೆ ಮಾತ್ರ ಅದರ ಒಡೆಯ ಬದುಕಿಲ್ಲವೆಂದೇ ಹೆಚ್ಚುಕಡಮೆ ತಿಳಿಯಬಹುದು.

ಕಡವೆಯ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 1850ರ ದಶಕದಲ್ಲಿ ಸಿಂಹಳದ ಬೆಟ್ಟಗಳಲ್ಲಿ ನಾಯಿಗಳನ್ನು ಕಟ್ಟಿಕೊಂಡು ಬೇಟೆಯಾಡಿದ ಸ್ಯಾಮುಯೆಲ್ ಬೇಕರ್ ಕಡವೆಯನ್ನು 'ಎಲ್ಕ್' ಎಂದೇ ಕರೆದನು. ಯೂರೋಪಿನಲ್ಲಿ ಎಲ್ಕ್ ಎಂದರೆ ಹಿಮನಾಡಿನ ಅಗಲಕೊಂಬಿನ ದೈತ್ಯಮೃಗ. ಅಮೆರಿಕದಲ್ಲಿ ಅದೇ ಹೆಸರು ವಾಪಿಟಿ ಎಂಬ ಮತ್ತೊಂದು ದೊಡ್ಡ ಜಿಂಕೆಗೆ ಅಂಟಿಕೊಂಡಿತು. ಊರು ಬಿಟ್ಟುಹೋದವರು ಹೊಸ ನಾಡಿನಲ್ಲಿ ಕಂಡ ದೊಡ್ಡ ಜಿಂಕೆಗೆಲ್ಲ ತಾಯ್ನಾಡಿನ ಹೆಸರನ್ನೇ ಇಟ್ಟಂತೆ ತೋರುತ್ತದೆ. ಹೆಸರು ಒಂದಾದರೂ ಪ್ರಾಣಿಗಳು ಮೂರು. ಆದರೆ ಇಳಿಜಾರಿನ ಕಾಡಿನಲ್ಲಿ ಬಾಳುವ ದೊಡ್ಡ ಜಿಂಕೆ ಎಂಬ ಮಾತು ಕಡವೆಗೂ ವಾಪಿಟಿಗೂ ಒಪ್ಪುತ್ತದೆ, ಇದನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಕಡವೆಯ ಬೇಟೆ ಒಬ್ಬನ ಕೆಲಸವಾಗಿರಲಿಲ್ಲ. ಮಲೆನಾಡಿನಲ್ಲಿ ಅದು ಮನೆತನದ, ಹಲವೊಮ್ಮೆ ಊರಿನ, ಕೆಲಸ. ಕೋವಿಯುಳ್ಳವರು ಕಾಡಿನ ಒಂದು ಪಕ್ಕದಲ್ಲಿ, ಮೃಗ ಹಾಯ್ದುಹೋಗುವ ಕಂಡಿಗಳಲ್ಲಿ, 'ಬಿಲ್ಲಿಗೆ' ನಿಲ್ಲುವರು. ಆಳುಗಳೂ ಹುಡುಗರೂ ನಾಯಿಗಳೂ ಇನ್ನೊಂದು ಪಕ್ಕದಿಂದ ಗದ್ದಲವೆಬ್ಬಿಸುತ್ತ ಕಾಡನ್ನು 'ಸೋವುವರು'. ಕೋವಿ ಬಂದಮೇಲೂ ಆ ಜಾಗಕ್ಕೆ ಬಿಲ್ಲೆಂಬ ಹಳೆಯ ಹೆಸರೇ ನಿಂತಿತು. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಈ ಲೋಕ ಅಪರಿಚಿತವಲ್ಲ. ಕನ್ನಡನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವವೂ ಹಳೆಯದೇ: ಸುಮಾರು ಕ್ರಿ.ಶ. 950ರ ಆತಕೂರು ಶಾಸನ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪಿಗೆ ನಿಂತ ಕಲ್ಲು. ಇಂಥ ಬೇಟೆ ಫಲಿಸುತ್ತಿದ್ದುದು ಏತಕ್ಕೆ? ಕಡವೆ ಹಗಲಿನಲ್ಲಿ ದಟ್ಟ ಮರೆಯಲ್ಲಿ ಮಲಗುತ್ತದೆ. ಎಬ್ಬಿಸಿದರೆ ತನಗೆ ರೂಢಿಯಾದ ಜಾಡನ್ನೇ ಹಿಡಿಯುತ್ತದೆ. ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ಅಂಥ ಜಾಡುಗಳು ಕೆಲವೇ. ಇದನ್ನು ಬಲ್ಲ ಮುದುಕನೇ ಬಿಲ್ಲುಗಳನ್ನು ಹಂಚುತ್ತಿದ್ದನು.

ಬಯಲಿಗೆ ಇಳಿದರೆ ಈ ಉಪಾಯ ನಡೆಯದು. ಕೃಷ್ಣಮೃಗ ಮರೆಯಲ್ಲಿ ಮಲಗುವ ಪ್ರಾಣಿಯಲ್ಲ. ಹಿಂಡಾಗಿ ಬಯಲಿನಲ್ಲಿ ನಿಂತು ದೂರದಿಂದಲೇ ಶತ್ರುವನ್ನು ಕಂಡು, ಗಂಟೆಗೆ 70-80 ಕಿಲೋಮೀಟರು ವೇಗದಲ್ಲಿ ಓಡಬಲ್ಲುದು. ಅಲ್ಲಿ ಬೇಟೆಗಾರನು ಪ್ರಾಣಿಯ ಓಟವನ್ನಲ್ಲ, ಅದರ ಹೆಮ್ಮೆಯನ್ನು ಹಿಡಿದನು. ಹಳಗನ್ನಡದಲ್ಲಿ ಇದಕ್ಕೆ 'ದೀವದ ಬೇಂಟೆ' ಎಂದು ಹೆಸರು. ಪಳಗಿಸಿದ ಗಂಡುಮೃಗದ ಕೊಂಬಿಗೆ ಉರುಲುಗಳನ್ನು ಕಟ್ಟಿ ಕಾಡುಹಿಂಡಿನತ್ತ ಬಿಡುವುದು, ಹಿಂಡಿನ ಗಂಡು ತನ್ನ ಸೀಮೆಗೆ ನುಗ್ಗಿದ ಪರಕೀಯನನ್ನು ಸಹಿಸದೆ ಕೊಂಬು ಕೂಡಿಸುವುದು, ಉರುಲಿನಲ್ಲಿ ಸಿಕ್ಕಿಬೀಳುವುದು. ಹನ್ನೆರಡನೆಯ ಶತಮಾನದಲ್ಲಿ ಚಾಳುಕ್ಯರ ಮೂರನೆಯ ಸೋಮೇಶ್ವರನು ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ನಡುವೆ ಬೇಟೆಗೂ ದೊಡ್ಡ ಎಡೆಯಿದೆ. ಗಂಡು ಕೃಷ್ಣಮೃಗವು ಬೆದೆಯ ಕಾಲದಲ್ಲಿ ತುಂಡುನೆಲವೊಂದನ್ನು ತನ್ನದೆಂದು ಕಾಯುತ್ತದೆ ಎಂದು ಇಂದಿನ ವಿಜ್ಞಾನಿಗಳು ಅಳೆದು ಬರೆದಿದ್ದಾರೆ. ದೀವವನ್ನು ಬಿಟ್ಟವನಿಗೆ ಇದು ಅನುಭವದಿಂದಲೇ ತಿಳಿದಿತ್ತು.

ಇನ್ನು ಜಗಳೂರಿನ ಗುಡ್ಡಕ್ಕೆ ಬರೋಣ. ಕೊಂಡುಕುರಿ ಚಿಕ್ಕ ಪ್ರಾಣಿ: ಹೆಗಲಿನ ಎತ್ತರ ಸುಮಾರು 60 ಸೆಂಟಿಮೀಟರು, ತೂಕ ಸುಮಾರು 20 ಕಿಲೋಗ್ರಾಮು. 'ಕೊಂಡ' ಎಂದರೆ ಬೆಟ್ಟ. ತೆಲುಗಿನವರೂ ಇದನ್ನು ಬೆಟ್ಟದ ಕುರಿ ಎಂಬರ್ಥದಲ್ಲಿ 'ಕೊಂಡಗೊರ್ರೆ' ಎನ್ನುತ್ತಾರೆ. (ಬೊಗಳುವ ಜಿಂಕೆಗೆ ನಮ್ಮಲ್ಲಿ 'ಕಾಡುಕುರಿ' ಎಂಬ ಹೆಸರಿದೆ, ಎರಡನ್ನೂ ಬೆರೆಸಬಾರದು.) ಗಂಡಿಗೆ ನಾಲ್ಕು ಕೊಂಬು: ಹಿಂದಿನ ಜೋಡಿ ಸುಮಾರು 10 ಸೆಂಟಿಮೀಟರು, ಮುಂದಿನ ಜೋಡಿ ಅದರ ಅರ್ಧಕ್ಕಿಂತಲೂ ಚಿಕ್ಕದು. ಕಾಡಿನಲ್ಲಿ ಬಾಳುವ ಸಸ್ತನಿಗಳಲ್ಲಿ ಸಹಜವಾಗಿಯೇ ನಾಲ್ಕು ಕೊಂಬುಳ್ಳ ಜಾತಿ ಇದೊಂದೇ. ದಕ್ಷಿಣದಲ್ಲಿ ಮುಂದಿನ ಕೊಂಬುಗಳು ಹಲವು ವೇಳೆ ಬರಿಯ ಗುಬುಟುಗಳಾಗಿರುತ್ತವೆ, ಇಲ್ಲವೆ ಮೂಡುವುದೇ ಇಲ್ಲ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಈ ಭೇದವನ್ನು ಗುರುತಿಸಿದನು. ದಕ್ಷಿಣದ ಉಪಜಾತಿಯ ಶಾಸ್ತ್ರೀಯ ಹೆಸರಿನೊಂದಿಗೆ ಇಂದಿಗೂ ಅವನ ಹೆಸರು ಸೇರಿಕೊಂಡಿದೆ.

ಈ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ, ತಾಯಿ ಮರಿಗಳೊಡನೆಯೋ ಕಾಣುತ್ತದೆ. ಅಪಾಯ ಬಂದರೆ ಮೊದಲು ಓಡುವುದಿಲ್ಲ. ಹುಲ್ಲಿನಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ತೀರ ಹತ್ತಿರವಾದಾಗ ಮಾತ್ರ ಎಗರಿ ಪೊದೆಗಳ ನಡುವೆ ಮರೆಯಾಗುತ್ತದೆ. ನೀರಿಲ್ಲದೆ ಬಹುಕಾಲ ಇರಲಾರದಾದ್ದರಿಂದ ನೀರಿನ ನೆಲೆಯನ್ನು ಬಿಟ್ಟು ದೂರ ಹೋಗುವುದಿಲ್ಲ.

ಈ ಮೂರು ಬಗೆಯ ಬಾಳುವೆ ಆಕಸ್ಮಿಕವಲ್ಲ. 1974ರಲ್ಲಿ ಪೀಟರ್ ಜಾರ್ಮನ್ ಎಂಬ ಪ್ರಾಣಿವಿಜ್ಞಾನಿ ಆಫ್ರಿಕದ ಎರಳೆಗಳನ್ನು ಪರಿಶೀಲಿಸಿ ಒಂದು ಸೂತ್ರವನ್ನು ಮುಂದಿಟ್ಟನು. ಮೈ ಚಿಕ್ಕದಾದರೆ ಅದರ ಪ್ರಮಾಣಕ್ಕೆ ಹೆಚ್ಚು ಶಕ್ತಿ ಬೇಕು. ಆದುದರಿಂದ ಚಿಕ್ಕ ಪ್ರಾಣಿ ಒಣಹುಲ್ಲನ್ನು ಮೇದು ಬಾಳಲಾರದು, ಚಿಗುರು, ಹೂವು, ಕಾಯಿಗಳನ್ನು ಆರಿಸಿ ತಿನ್ನಬೇಕು. ಇಂಥ ಆಹಾರ ಒಂದು ಪೊದೆಯಲ್ಲಿ ಒಂದಿಷ್ಟು, ಮತ್ತೊಂದರಲ್ಲಿ ಒಂದಿಷ್ಟು ಚದರಿರುತ್ತದೆ. ಹತ್ತು ಪ್ರಾಣಿಗಳು ಒಟ್ಟಿಗೆ ಹೊರಟರೆ ಮೊದಲನೆಯದು ತಿಂದ ಚಿಗುರು ಹತ್ತನೆಯದಕ್ಕೆ ಉಳಿಯದು. ಹೀಗಾಗಿ ಚಿಕ್ಕವು ಒಂಟಿಯಾಗುತ್ತವೆ. ಒಂಟಿಯಾದವು ಅಡಗಿ ಬದುಕುತ್ತವೆ. ಬಯಲಿನ ಹುಲ್ಲು ಎಲ್ಲೆಡೆಯೂ ಹರಡಿರುವುದರಿಂದ ಹಿಂಡಿಗೆ ಅಡ್ಡಿಯಿಲ್ಲ. ಹಿಂಡಿನಲ್ಲಿ ಕಣ್ಣುಗಳು ಹೆಚ್ಚು. ಆದುದರಿಂದ ಅಲ್ಲಿ ಅಡಗುವುದಕ್ಕಿಂತ ಓಡುವುದು ಲೇಸು. ಕಡವೆಯಂಥ ಅಪವಾದಗಳು ಉಂಟು: ಮೈ ದೊಡ್ಡದಾದರೂ ಕಾಡಿನ ಮರೆಯಲ್ಲಿ ಅದು ಸಣ್ಣ ಗುಂಪುಗಳಲ್ಲೇ ಇರುತ್ತದೆ. ಆದರೂ ಕೊಂಡುಕುರಿಯ ಮಟ್ಟಿಗೆ ಸೂತ್ರ ಚೆನ್ನಾಗಿ ಹೊಂದುತ್ತದೆ.

ಈಗ ಅಮೆರಿಕದ ವಾಪಿಟಿಗೆ ಹಿಂದಿರುಗೋಣ. ಅಲ್ಲಿನ ರಾಕಿ ಪರ್ವತದ ರಾಜ್ಯಗಳಲ್ಲಿ ಶರತ್ಕಾಲ ಬಂದರೆ ತಂದೆತಾಯಿ ಮಕ್ಕಳು ಕೂಡಿ ಬೇಟೆಗೆ ಹೊರಡುವ ವಾಡಿಕೆ ಇಂದಿಗೂ ಇದೆ. ಇದನ್ನು ಕೇಳಿದ ನಮ್ಮ ವಿದ್ಯಾರ್ಥಿಯೊಬ್ಬನು, ಅಲ್ಲಿ ನ್ಯಾಯವಾದದ್ದು ಇಲ್ಲಿ ಏಕೆ ಅಪರಾಧ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮಿತಿಯಿಲ್ಲದ ಬೇಟೆಯಿಂದ 1900ರ ಸುಮಾರಿಗೆ ಇಡೀ ಉತ್ತರ ಅಮೆರಿಕದಲ್ಲಿ ವಾಪಿಟಿಗಳು ಒಂದು ಲಕ್ಷಕ್ಕಿಂತ ಕಡಮೆಯಾಗಿದ್ದುವು. ಬಳಿಕ ಅವನ್ನು ಹೊಸ ಕಾಡುಗಳಲ್ಲಿ ಬಿಟ್ಟು ಕಾಪಾಡಿದರು. ಬೇಟೆಗೆ ಋತುವನ್ನೂ ಪರವಾನಗಿಯನ್ನೂ ಗೊತ್ತುಮಾಡಿದರು. 1937ರ ಕಾಯಿದೆಯಿಂದ ಕೋವಿ, ಮದ್ದುಗುಂಡುಗಳ ಮೇಲಿನ ತೆರಿಗೆಯ ಹಣ ವನ್ಯಮೃಗಗಳ ರಕ್ಷಣೆಗೆ ಸಲ್ಲುವಂತಾಯಿತು. ಇಂದು ಅಲ್ಲಿ ಸುಮಾರು ಹತ್ತು ಲಕ್ಷ ವಾಪಿಟಿಗಳಿವೆ. ಚಳಿಗಾಲದಲ್ಲಿ ಅವು ಬೆಟ್ಟವಿಳಿದು ತೆರೆದ ಕಣಿವೆಗಳಲ್ಲಿ ಹಿಂಡುಗೂಡುತ್ತವೆ. ಹಿಮದ ಬಿಳುಪಿನ ಮೇಲೆ ವಿಮಾನದಿಂದಲೂ ಎಣಿಸಬಹುದು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ, ಕೆಲವು ಗಂಡುಗಳನ್ನು ತೆಗೆದರೆ ಮುಂದಿನ ವರ್ಷದ ಕರುಗಳ ಸಂಖ್ಯೆ ಹೆಚ್ಚು ಕುಗ್ಗುವುದಿಲ್ಲ. ಲೆಕ್ಕ ಇಡುವವನಿಗೆ ಬೇಕಾದುದು ಇದೇ: ಅಸಲು ಎಷ್ಟೆಂದು ತಿಳಿದಿರಬೇಕು, ಬಡ್ಡಿಯನ್ನು ಮಾತ್ರ ತೆಗೆಯಬೇಕು.

ಕೊಂಡುಕುರಿಯ ವಿಷಯದಲ್ಲಿ ಅಸಲನ್ನೇ ಎಣಿಸುವುದು ಕಷ್ಟ. ಅದು ಕಣಿವೆಗೆ ಇಳಿದು ಹಿಂಡುಗೂಡುವುದಿಲ್ಲ. ಗುಡ್ಡಕ್ಕೊಂದು ಎರಡರಂತೆ ಚದರಿರುವಾಗ ಒಂದು ಗಂಡು ಸತ್ತರೆ, ಅದರ ಜಾಗ ತುಂಬಲು ಸಮೀಪದಲ್ಲಿ ಮತ್ತೊಂದು ಇರುವುದೆಂಬ ಭರವಸೆಯಿಲ್ಲ. ಮೇಲಾಗಿ ನಮ್ಮ ಒಣನಾಡಿನ ಬೇಟೆ ಯುಗಾದಿಯ ಸುತ್ತಮುತ್ತ ನಡೆಯುತ್ತಿದ್ದ ಬೇಟೆ. ಹಬ್ಬದ ಮರುದಿನ ಊರ ಗಂಡಸರು ಬಲೆ, ದೊಣ್ಣೆ, ನಾಯಿಗಳೊಡನೆ ಗುಡ್ಡ ಹತ್ತುವುದು. ಮೊಲವೋ ಹಂದಿಯೋ ಸಿಕ್ಕರೆ ಮನೆಮನೆಗೆ ಪಾಲು. ಹೊಲದ ಕೆಲಸವಿಲ್ಲದ, ಹುಲ್ಲು ಒಣಗಿ ಕಣ್ಣಿಗೆ ಮರೆ ಕಡಮೆಯಾದ ಕಾಲ. ಬೇಟೆಗಾರನ ದೃಷ್ಟಿಯಿಂದ ತಕ್ಕ ಆಯ್ಕೆಯೇ ಸರಿ.

ಅದೇ ತಿಂಗಳನ್ನು ಕೊಂಡುಕುರಿಯ ಪಂಚಾಂಗದಲ್ಲಿ ನೋಡೋಣ. ಇದರ ಬೆದೆ ಬಹುಮಟ್ಟಿಗೆ ಮಳೆಗಾಲದ ಆರಂಭದ ಆಚೆ ಈಚೆ. ಗರ್ಭ ಸುಮಾರು ಎಂಟು ತಿಂಗಳು. ಹಾಗಾದರೆ ಮರಿಗಳು ಹುಟ್ಟುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಯುಗಾದಿ ಬರುವ ಹೊತ್ತಿಗೆ ಒಂದು ಅಥವಾ ಎರಡು ಎಳೆಮರಿಗಳು ಹುಲ್ಲಿನಲ್ಲಿ ಅಡಗಿ ಬಿದ್ದಿರುತ್ತವೆ. ತಾಯಿ ಬಂದು ಹಾಲೂಡಿಸಿ ಹೋಗುತ್ತದೆ. ಹಳ್ಳದ ಗುಂಡಿಗಳು ಬತ್ತಿ ಒಂದೆರಡರಲ್ಲಿ ಮಾತ್ರ ನೀರು ಉಳಿದಿರುವುದರಿಂದ ತಾಯಿ ಅಲ್ಲಿಗೆ ಬಂದೇ ಬರಬೇಕು. ಹೊಸ ಹುಲ್ಲಿಗೆಂದು ಯಾರಾದರೂ ಬೆಂಕಿಯಿಟ್ಟಿದ್ದರೆ ನಿಲ್ಲಲು ಮರೆಯೂ ಇಲ್ಲ. ಕಲ್ಲಿನಂತೆ ನಿಲ್ಲುವ ಉಪಾಯ ಚಿರತೆಯ ಕಣ್ಣನ್ನು ವಂಚಿಸಬಹುದು. ಸಾಲಾಗಿ ಪೊದೆ ಬಡಿಯುತ್ತ ಬರುವ ಐವತ್ತು ಜನರನ್ನೂ ಮೂಸಿ ಹುಡುಕುವ ನಾಯಿಗಳನ್ನೂ ವಂಚಿಸಲಾರದು. ಹೆಣ್ಣಿಗೆ ಕೊಂಬಿಲ್ಲವೆಂಬುದನ್ನು ಕೋವಿಯವನು ನೋಡಿ ಬಿಡಬಹುದು, ಬಲೆ ನೋಡುವುದಿಲ್ಲ.

ಕಾನೂನು ಈ ಮಾತನ್ನು ಮೆಲ್ಲಮೆಲ್ಲನೆ ಒಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೆಲವು ಪ್ರಾಣಿಗಳ ಬೇಟೆಗೆ ಮೊದಲಿಗೆ ಪರವಾನಗಿಯ ಬಾಗಿಲನ್ನು ತೆರೆದೇ ಇಟ್ಟಿತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಹೊನ್ನಾಳಿಯಿಂದ ಬಹುದೂರವೇನೂ ಅಲ್ಲದ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೆಂದು 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಕೊಂಡುಕುರಿಯ ಸರದಿ ಬಂದುದು 2011ರಲ್ಲಿ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಸುತ್ತಣ ಸುಮಾರು 77 ಚದರ ಕಿಲೋಮೀಟರು ಕಾಡು ಅದರ ಹೆಸರಿನಲ್ಲೇ ವನ್ಯಧಾಮವಾಯಿತು. ಹುಲಿ, ಆನೆಗಳಿಗೆ ದೊರೆತ ಪ್ರಚಾರದಲ್ಲಿ ನೂರರಲ್ಲೊಂದು ಪಾಲೂ ಇದಕ್ಕೆ ದೊರೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರಪಂಚದಲ್ಲಿ ಭಾರತ, ನೇಪಾಳಗಳಲ್ಲಿ ಮಾತ್ರ ಉಳಿದಿರುವ ಈ ಜಾತಿಯಲ್ಲಿ ಬೆಳೆದ ಪ್ರಾಣಿಗಳು ಹತ್ತು ಸಾವಿರಕ್ಕಿಂತ ಕಡಮೆಯೆಂದು ಅಂದಾಜು.

ಅಂದಾಜು ಎಂದೆವು. ಕಣ್ಣಿಗೆ ಬೀಳದ ಪ್ರಾಣಿಯನ್ನು ಎಣಿಸುವುದು ಹೇಗೆ? ಕಾಡಿನಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಇಡುವುದುಂಟು. ಅದಕ್ಕಿಂತ ಹಳೆಯ, ಅಗ್ಗದ ಉಪಾಯ ಬೇಟೆಗಾರನದೇ: ನೆಲವನ್ನು ಓದುವುದು. ಕೊಂಡುಕುರಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಅದು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಜಗಳೂರಿನ ಕಡೆಯ ಗುಡ್ಡಗಳಲ್ಲಿ ಕುರಿ, ಮೇಕೆಗಳೂ ಮೇಯುತ್ತವೆ. ಒಂದೊಂದೇ ಹಿಕ್ಕೆಯನ್ನು ಎತ್ತಿ ನೋಡಿದರೆ ಯಾರದೆಂದು ಹೇಳುವುದು ಸುಲಭವಲ್ಲ. ಆದರೆ ಮೇಕೆ ನಡೆಯುತ್ತ ನಡೆಯುತ್ತ ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುತ್ತದೆ. ಮರದ ಬುಡದ ಬಯಲು ಜಾಗವೊಂದರಲ್ಲಿ, ಹಳೆಯದರ ಮೇಲೆ ಹೊಸದು ಬಿದ್ದು, ಕೆಳಗಿನದು ಬೆಳ್ಳಗೆ ಒಣಗಿ ಮೇಲಿನದು ಇನ್ನೂ ಕಪ್ಪಾಗಿ ಹೊಳೆಯುವ ಗುಡ್ಡೆ ಕಂಡರೆ ಅಲ್ಲಿ ನಿಲ್ಲಬೇಕು. ಈಚೆಗೆ ಅಲ್ಲಿಗೆ ಬಂದುಹೋದದ್ದು ಕೊಂಡುಕುರಿಯೇ ಇರಬಹುದು.