ದೂರದ ಪಾಲು ಎಷ್ಟು?

(ಕ್ಲೇಟನ್‌ನಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ವಿಷಯವನ್ನು ಕುರಿತು ಮಾತನಾಡಲು ನನಗಿಂತ ಅರ್ಹರಾದವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿಯುವವರೇ ನಮ್ಮಲ್ಲಿ ಹೆಚ್ಚು, ನಾನಾದರೋ ವೈದ್ಯ. ಆದರೂ ಸಮಿತಿಯವರ ಮಾತನ್ನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಈ ವಿಷಯದಲ್ಲಿ ನಾನು ಎರಡು ಬಾರಿ ತಪ್ಪಿದ್ದೇನೆ; ಒಮ್ಮೆ ನನ್ನ ಚಿಕಿತ್ಸಾಲಯದಲ್ಲಿ, ಇನ್ನೊಮ್ಮೆ ನನ್ನ ತಾಯಿಯ ವಿಚಾರದಲ್ಲಿ. ಎರಡು ಸಲವೂ ಮಾಡಿದ ತಪ್ಪು ಒಂದೇ: ಲೆಕ್ಕ ಹಾಕದೆ ದೂರದ ಮೇಲೆ ದೋಷ ಹೊರಿಸಿದ್ದು.

ಕ್ಲೌಡ್ ಎಂಬ ಹೆಸರು ಆಕಾಶದ್ದಾದರೂ ವಸ್ತು ನೆಲದ ಮೇಲಿನದು. ಸಾವಿರಾರು ಕಂಪ್ಯೂಟರುಗಳನ್ನೂ ಅವನ್ನು ತಂಪಾಗಿಡುವ ಯಂತ್ರಗಳನ್ನೂ ತುಂಬಿದ ದೊಡ್ಡ ಕಟ್ಟಡಗಳವು. ಅಮೆಜಾನ್ ಸಂಸ್ಥೆ 2012ರಲ್ಲಿ ಸಿಡ್ನಿಯಲ್ಲಿ ಇಂತಹ ಕೇಂದ್ರಗಳನ್ನು ತೆರೆಯಿತು. 2014ರಲ್ಲಿ ಮೈಕ್ರೋಸಾಫ್ಟ್ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಎರಡರಲ್ಲೂ ತೆರೆಯಿತು. ಗೂಗಲ್ 2017ರಲ್ಲಿ ಸಿಡ್ನಿಗೆ, 2021ರಲ್ಲಿ ಮೆಲ್ಬರ್ನ್‌ಗೆ ಬಂದಿತು. ಅಮೆಜಾನ್ 2023ರಲ್ಲಿ ಮೆಲ್ಬರ್ನ್‌ಗೆ ಬಂದಿತು. ಭಾರತದಲ್ಲಿ ಅಮೆಜಾನ್‌ನ ಮುಂಬಯಿ ಕೇಂದ್ರ 2016ರದು. ಎರಡು ನಗರಗಳಲ್ಲಿ ಕೇಂದ್ರವಿರುವುದರಿಂದ ಒಂದು ಕಡೆ ಅನಾಹುತವಾದರೂ ಇನ್ನೊಂದು ಕಡೆ ಪ್ರತಿ ಉಳಿಯುವಂತೆ ವ್ಯವಸ್ಥೆ ಮಾಡಿಕೊಳ್ಳಬಹುದು. ಇದು ದೊಡ್ಡ ಲಾಭ. ಆದರೆ ಮಾರಾಟಗಾರರು ನಮಗೆ ಹೇಳುವುದು ಮತ್ತೊಂದನ್ನು: ಹತ್ತಿರವಿದ್ದರೆ ವೇಗ ಹೆಚ್ಚು ಎಂದು. ಅದೆಷ್ಟು ನಿಜ?

ನಾವು ಕೇಳಿದ ಪ್ರಶ್ನೆ ಅಲ್ಲಿಗೆ ಹೋಗಿ ಉತ್ತರ ಮರಳಿ ಬರಲು ಹಿಡಿಯುವ ಕಾಲಕ್ಕೆ ಲೇಟೆನ್ಸಿ ಎನ್ನುತ್ತಾರೆ. ನಾವು ವಿಳಂಬ ಎನ್ನೋಣ. ತಿಂಗಳ ಬಿಲ್ಲಿನಲ್ಲಿ ಕಾಣುವ 'ಮೆಗಾಬಿಟ್' ಬೇರೆ, ಇದು ಬೇರೆ. ಅದು ರಸ್ತೆಯ ಅಗಲ. ಇದು ಪ್ರಯಾಣದ ಕಾಲ. ರಸ್ತೆಯನ್ನು ಎಷ್ಟೇ ಅಗಲ ಮಾಡಿದರೂ ಶಿವಮೊಗ್ಗಕ್ಕೂ ಬೆಂಗಳೂರಿಗೂ ಇರುವ ದೂರ ಒಂದು ಗೇಣೂ ಕಡಮೆಯಾಗದು.

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆದ್ದರಿಂದ ಹೋಗಿಬರುವ ಲೆಕ್ಕದಲ್ಲಿ ಪ್ರತಿ 100 ಕಿಲೋಮೀಟರ್ ದೂರಕ್ಕೆ ಒಂದು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಈ ಒಂದು ಸೂತ್ರ ನೆನಪಿದ್ದರೆ ಸಾಕು. ಮೆಲ್ಬರ್ನಿನಿಂದ ಸಿಡ್ನಿಗೆ ನೇರ ದೂರ ಸುಮಾರು 710 ಕಿಲೋಮೀಟರ್. ಆದ್ದರಿಂದ 7 ಮಿಲಿಸೆಕೆಂಡಿಗಿಂತ ಕಡಮೆಯಾಗಲು ಸಾಧ್ಯವಿಲ್ಲ. ಬೆಂಗಳೂರಿಗೆ ಸುಮಾರು 9,000 ಕಿಲೋಮೀಟರ್, ಆದ್ದರಿಂದ 90. ಯಾರು ಎಷ್ಟೇ ಹಣ ತೆತ್ತರೂ ಗಾಜಿನ ಎಳೆಯಲ್ಲಿ ಇದಕ್ಕಿಂತ ಕೆಳಗಿಳಿಯಲಾಗದು.

ವಾಸ್ತವದಲ್ಲಿ ತಂತಿಗಳು ಹಕ್ಕಿ ಹಾರಿದಂತೆ ನೇರವಾಗಿ ಹೋಗುವುದಿಲ್ಲ. ಭಾರತಕ್ಕೆ ಹೋಗುವ ಸಂದೇಶ ಪರ್ತ್‌ವರೆಗೆ ನೆಲದ ಮೇಲೆ ಸಾಗಿ, ಅಲ್ಲಿಂದ ಸಮುದ್ರದೊಳಗೆ ಸಿಂಗಾಪುರ, ಮತ್ತೆ ಸಮುದ್ರದೊಳಗೆ ಚೆನ್ನೈ, ಹೀಗೆ ಸುತ್ತಬೇಕಾಗುತ್ತದೆ. ದಾರಿಯಲ್ಲಿನ ಪ್ರತಿ ಕೂಡುಹಾದಿಯಲ್ಲೂ ಕ್ಷಣಮಾತ್ರ ತಂಗಬೇಕು. ನನ್ನ ಚಿಕಿತ್ಸಾಲಯದಿಂದ ಅಳೆದಾಗ ಸಿಡ್ನಿಗೆ 12, ಸಿಂಗಾಪುರಕ್ಕೆ ಸುಮಾರು 100, ಮುಂಬಯಿಗೆ ಸುಮಾರು 150 ಮಿಲಿಸೆಕೆಂಡು ಬಂದಿತು, ಮೆಲ್ಬರ್ನಿನೊಳಗೆ 2.

ಈ ಅಂಕಿಗಳನ್ನು ವೈದ್ಯನ ಕಣ್ಣಿನಿಂದ ನೋಡಿರಿ. ಸ್ಪರ್ಶದ ಸುದ್ದಿಯನ್ನು ಹೊರುವ ನರಗಳ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಕಾಲಿನ ಹೆಬ್ಬೆರಳನ್ನು ಮುಟ್ಟಿದರೆ ಆ ಸುದ್ದಿ ಮಿದುಳನ್ನು ಸೇರಲು ಸುಮಾರು 30 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ನಮ್ಮ ಪ್ರಶ್ನೆ ಸಿಡ್ನಿಗೆ ಎರಡು ಸಲ ಹೋಗಿಬಂದಿರುತ್ತದೆ! ಹಾಗಾದರೆ ಸಿಡ್ನಿಗೂ ಮೆಲ್ಬರ್ನ್‌ಗೂ ಇರುವ 10 ಮಿಲಿಸೆಕೆಂಡಿನ ಅಂತರ ಮನುಷ್ಯನ ಅರಿವಿಗೆ ಬರುವಂತಹುದಲ್ಲ. ಆದರೆ ಪ್ರಶ್ನೆ ಒಂದಲ್ಲ, ನೂರು ಎಂದಾದರೆ?

ಇಲ್ಲಿ ನನ್ನ ಮೊದಲ ತಪ್ಪು. ಕೆಲವು ವರ್ಷಗಳ ಹಿಂದೆ ನಾವು ಹಿಂದಿನ ಕೋಣೆಯಲ್ಲಿದ್ದ ಕಂಪ್ಯೂಟರನ್ನು ತೆಗೆದು ರೋಗಿಗಳ ದಾಖಲೆಗಳನ್ನು ಸಿಡ್ನಿಯ ಕೇಂದ್ರವೊಂದಕ್ಕೆ ಒಪ್ಪಿಸಿದೆವು. ಅಂದಿನಿಂದ ಒಬ್ಬರ ದಾಖಲೆ ತೆರೆಯಲು ಸುಮಾರು ನಾಲ್ಕು ಸೆಕೆಂಡು ಹಿಡಿಯತೊಡಗಿತು. ಎದುರಿಗೆ ಕುಳಿತ ರೋಗಿಯ ಮುಖ ನೋಡುತ್ತ ಕಾಯುವಾಗ ನಾಲ್ಕು ಸೆಕೆಂಡು ಚಿಕ್ಕದಲ್ಲ. 'ಸಿಡ್ನಿ ದೂರವಾಯಿತು' ಎಂದು ನಾನು ತೀರ್ಮಾನಿಸಿ, ಹೆಚ್ಚು ಹಣ ತೆತ್ತು ಮೆಲ್ಬರ್ನ್‌ಗೆ ಬದಲಿಸಲು ಹೊರಟಿದ್ದೆ. ನಮ್ಮ ಸಂಘದ ತರುಣ ಎಂಜಿನಿಯರೊಬ್ಬರು ತಡೆದು, ಅಳೆದು ತೋರಿಸಿದರು. ಒಂದು ದಾಖಲೆಗಾಗಿ ಆ ಪ್ರೋಗ್ರಾಮು ಒಂದಾದ ಮೇಲೊಂದರಂತೆ 60 ಪ್ರಶ್ನೆಗಳನ್ನು ಕೇಳುತ್ತಿತ್ತು. ತಂತಿಯ ಮೂಲಕ ಒಂದೊಂದಕ್ಕೆ 12 ಮಿಲಿಸೆಕೆಂಡು, ಒಟ್ಟು ಮುಕ್ಕಾಲು ಸೆಕೆಂಡಿನೊಳಗೆ. ಆದರೆ ನನ್ನ ಮೇಜಿನ ಬಳಿ ವೈ-ಫೈಯಲ್ಲಿ ಅಳೆದಾಗ ಒಂದೊಂದಕ್ಕೂ 60! ರೌಟರ್ ಪೆಟ್ಟಿಗೆ ಉಕ್ಕಿನ ಬೀರುವಿನ ಹಿಂದೆ ಅಡಗಿತ್ತು. ಮೆಲ್ಬರ್ನ್‌ಗೆ ಬದಲಿಸಿದ್ದರೂ ಮೂರು ಸೆಕೆಂಡು ಹಾಗೆಯೇ ಉಳಿಯುತ್ತಿತ್ತು. ಪೆಟ್ಟಿಗೆಯನ್ನು ಹೊರಗಿಟ್ಟು ಮೇಜಿಗೆ ತಂತಿ ಎಳೆಸಿದೆವು. ಕಾಯುವಿಕೆ ಒಂದು ಸೆಕೆಂಡಿಗಿಂತ ಕೆಳಗಿಳಿಯಿತು.

ಅದೇ ದಾಖಲೆ ಮುಂಬಯಿಯಲ್ಲಿದ್ದಿದ್ದರೆ? 60 ಪ್ರಶ್ನೆಗೆ 9 ಸೆಕೆಂಡು. ಆಗ ದೂರವೇ ನಿಜವಾದ ಅಪರಾಧಿ. ಕಾನೂನಿನ ಮಾತೂ ಇದೆ: ಇಲ್ಲಿನ 'ಮೈ ಹೆಲ್ತ್ ರೆಕಾರ್ಡ್' ವ್ಯವಸ್ಥೆಯ ದಾಖಲೆಗಳನ್ನು ಆಸ್ಟ್ರೇಲಿಯದ ಹೊರಗಿಡುವುದನ್ನು 2012ರ ಕಾಯಿದೆ ನಿರ್ಬಂಧಿಸುತ್ತದೆ.

ಎರಡನೆಯ ತಪ್ಪನ್ನು ಹೇಳಲು ಸ್ವಲ್ಪ ಸಂಕೋಚ. ನನ್ನ ತಾಯಿ ಸಾಗರದಲ್ಲಿದ್ದಾರೆ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಮಾತನಾಡುತ್ತೇವೆ. ಇಂತಹ ಕರೆಯಲ್ಲಿ ದೂರದ ಜೊತೆಗೆ ಧ್ವನಿ, ಚಿತ್ರಗಳನ್ನು ಕಟ್ಟಿ ಬಿಚ್ಚುವ ಕಾಲವೂ ಸೇರುವುದರಿಂದ ಉತ್ತರ ಕೊಂಚ ತಡವಾಗುವುದು ಸಹಜ. ಎದುರೆದುರು ಮಾತನಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಆರಂಭಿಸುವ ನಡುವೆ ಸುಮಾರು 200 ಮಿಲಿಸೆಕೆಂಡು ಮಾತ್ರ ಇರುತ್ತದೆ. ಕರೆಯಲ್ಲಿ ಅದು ಎರಡು ಮೂರು ಪಟ್ಟಾದಾಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಇಬ್ಬರೂ ನಿಲ್ಲಿಸಿ, 'ನೀನೇ ಹೇಳು' ಎನ್ನುವುದು ನಮ್ಮೆಲ್ಲರ ಅನುಭವ.

ಒಂದು ವರ್ಷ ತಾಯಿಯ ಉತ್ತರಗಳು ಬರಬರುತ್ತ ತಡವಾದವು. ಎರಡು, ಮೂರು ಸೆಕೆಂಡು. 'ನೆಟ್‌ವರ್ಕ್ ಸರಿಯಿಲ್ಲಮ್ಮ' ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದ ತಂಗಿ ಅದೇ ಫೋನಿನಲ್ಲಿ, ಅದೇ ಗಳಿಗೆಯಲ್ಲಿ, ನನ್ನ ಮಾತಿಗೆ ತಟ್ಟನೆ ಉತ್ತರ ಕೊಟ್ಟಳು. ಆಮೇಲೆ ಮೆಲ್ಲಗೆ ಅಂದಳು: 'ಅಣ್ಣಾ, ಪಕ್ಕದಲ್ಲೇ ಕೂತಿದ್ರೂ ಅಮ್ಮ ಹೀಗೇ ನಿಧಾನ ಆಗಿದಾರೆ.' ತಂತಿ ಒಂದೇ, ಕಾಲ ಒಂದೇ, ಉತ್ತರ ಮಾತ್ರ ಬೇರೆ. ಹಾಗಾದರೆ ವಿಳಂಬ ಸಮುದ್ರದ್ದಲ್ಲ, ತಾಯಿಯದು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯ ಸ್ರಾವ ಬಹಳ ಕಡಮೆಯಾಗಿದ್ದುದು ತಿಳಿಯಿತು. ದಿನಕ್ಕೊಂದು ಮಾತ್ರೆಯಿಂದ ಕೆಲವು ತಿಂಗಳಲ್ಲಿ ಹಳೆಯ ಚುರುಕು ಮರಳಿತು. ನನ್ನ ಎದುರಿಗೆ ಅಂತಹ ರೋಗಿ ಬಂದು ಕುಳಿತಿದ್ದರೆ ಆ ದಿನವೇ ಅನುಮಾನಿಸುತ್ತಿದ್ದೆ. ಒಂಬತ್ತು ಸಾವಿರ ಕಿಲೋಮೀಟರ್ ನನಗೊಂದು ನೆಪವಾಯಿತು.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಇಂಟರ್‌ನೆಟ್ ನಿಧಾನವೆನಿಸಿದಾಗ ಮೊದಲು ನಿಮ್ಮ ಮನೆಯ ವೈ-ಫೈ ನೋಡಿರಿ, ಆಮೇಲೆ ನಗರ ಬದಲಿಸಿರಿ. ಊರಿಗೆ ಕರೆ ಮಾಡಿದಾಗ ಒಂದು ಮಾತು ಮುಗಿಸಿ ಕ್ಷಣಕಾಲ ಸುಮ್ಮನಿರಿ. ಹಿರಿಯರ ಮಾತು ಇನ್ನೂ ದಾರಿಯಲ್ಲಿರಬಹುದು. ಆದರೆ ಅವರ ಮೌನ ಸೆಕೆಂಡುಗಟ್ಟಲೆ ಬೆಳೆದರೆ, ಪಕ್ಕದಲ್ಲಿರುವ ಇನ್ನೊಬ್ಬರನ್ನು ಮಾತನಾಡಿಸಿ ಹೋಲಿಸಿರಿ. ಮಾತು ದಿಢೀರನೆ ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಅದು ಪಾರ್ಶ್ವವಾಯುವಿನ ಲಕ್ಷಣ. ಹೋಲಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಸೇರಿಸಲು ಹೇಳಿರಿ.

ಪರದೇಶದಲ್ಲಿರುವ ನಾವು ಅನೇಕ ವಿಷಯಗಳಿಗೆ ದೂರವನ್ನು ದೂರುತ್ತೇವೆ. ಅದರ ಪಾಲು ನೂರು ಕಿಲೋಮೀಟರಿಗೆ ಒಂದು ಮಿಲಿಸೆಕೆಂಡು. ಅದನ್ನು ಕಳೆದು ಉಳಿದದ್ದಕ್ಕೆ ಕಾರಣವನ್ನು ನಾವೇ ಹುಡುಕಬೇಕು.