ನಿಮಗಿದು ಗೊತ್ತೇ? ರೈತರಿಗೆ ಹವಾಮಾನ ಹೇಳುತ್ತಾ ಬೆಳೆದ ವಿಶ್ವವಿದ್ಯಾಲಯದ ರೇಡಿಯೊ

ಅಮೆರಿಕದ ವಿಸ್ಕಾನ್ಸಿನ್ ಹಾಲು, ಚೀಸ್‌ಗಳಿಗೆ ಹೆಸರಾದ ರಾಜ್ಯ. ಅದರ ರಾಜಧಾನಿ ಮ್ಯಾಡಿಸನ್ನಿನಲ್ಲಿರುವ ವಿಶ್ವವಿದ್ಯಾಲಯ ನೂರು ವರ್ಷಕ್ಕೂ ಮೀರಿ ಒಂದು ರೇಡಿಯೊ ಕೇಂದ್ರವನ್ನು ಉಳಿಸಿಕೊಂಡು ಬಂದಿದೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹುಟ್ಟಿದ ಆ ಕೇಂದ್ರ ಇಂದು 30ಕ್ಕೂ ಹೆಚ್ಚು ಪ್ರಸಾರ ಕೇಂದ್ರಗಳಿರುವ ವಿಸ್ಕಾನ್ಸಿನ್ ಪಬ್ಲಿಕ್ ರೇಡಿಯೊದ ಮೂಲ. ಮೈಸೂರಿಗೂ ಈ ಕಥೆಗೂ ನಂಟಿದೆ. ಅದನ್ನು ಮುಂದೆ ನೋಡೋಣ.

● ಕೇಂದ್ರದ ಮೊದಲ ಹೆಸರು 9ಎಕ್ಸ್‌ಎಂ. 9 ಎಂದರೆ ಒಂಬತ್ತನೇ ರೇಡಿಯೊ ವಲಯ, ಎಕ್ಸ್ ಎಂದರೆ ಪ್ರಾಯೋಗಿಕ. 1915ರಲ್ಲಿ ವಿಶ್ವವಿದ್ಯಾಲಯದ ಹೆಸರಿಗೆ ಲೈಸೆನ್ಸ್ ಬಂತು. ಆಗ ಅದರಿಂದ ಹೊರಡುತ್ತಿದ್ದುದು ಮಾತಲ್ಲ, ಟೆಲಿಗ್ರಾಫಿನ ಮೋರ್ಸ್ ಸಂಕೇತ.

● 1916ರ ಡಿಸೆಂಬರಿನಲ್ಲಿ 9ಎಕ್ಸ್‌ಎಂ ನಿತ್ಯದ ಹವಾಮಾನ ವರದಿಯನ್ನು ಮೋರ್ಸ್‌ನಲ್ಲಿ ಕಳಿಸತೊಡಗಿತು. ನಾಳೆ ಹಿಮ ಬೀಳುತ್ತದೆ ಎಂಬ ಮಾಹಿತಿ ನಾಡಿದ್ದು ಅಂಚೆಯಲ್ಲಿ ಬಂದರೆ ರೈತನಿಗೆ ಪ್ರಯೋಜನವಿಲ್ಲವಲ್ಲ! ಆದರೆ ಮೋರ್ಸ್ ಅರ್ಥವಾಗುತ್ತಿದ್ದುದು ಹವ್ಯಾಸಿ ರೇಡಿಯೊದವರಿಗೆ ಮಾತ್ರ. ಅದೇ ಸುದ್ದಿಯನ್ನು ಮನುಷ್ಯರ ದನಿಯಲ್ಲಿ ತಪ್ಪದೆ ಹೇಳುವ ಕ್ರಮ 1921ರ ಜನವರಿ 3ರಂದು ಶುರುವಾಯಿತು.

● ಆ ದನಿಯ ಹಿಂದೆ ಇದ್ದವರು ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಟೆರಿ. ಪ್ರಸಾರಕ್ಕೆ ಬೇಕಾದ ಶಕ್ತಿಶಾಲಿ ವಾಲ್ವ್‌ಗಳನ್ನು ಅವರು, ಅವರ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲೇ ಗಾಜು ಊದಿ ತಯಾರಿಸುತ್ತಿದ್ದರು. ಒಂದು ವಾಲ್ವ್ ಸುಟ್ಟುಹೋದರೆ ಇನ್ನೊಂದು ಸಿದ್ಧವಾಗುವವರೆಗೆ ಪ್ರಸಾರ ನಿಲ್ಲುತ್ತಿತ್ತು. ಗಾಜಿನ ಬುರುಡೆಯೊಳಗೆ ಲೋಹದ ತಂತಿ, ತಗಡು ಕೂರಿಸಿ, ಗಾಳಿಯನ್ನೆಲ್ಲ ಹೊರಗೆಳೆದು ಮುಚ್ಚುವುದು ಅಂದಿನ ಕಾಲಕ್ಕೆ ಎಂಥ ನಾಜೂಕಿನ ಕೆಲಸ ಎಂದು ಯೋಚಿಸಿ. ಟೆರಿಯವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ ಎಂದೇ ನನ್ನ ಅಭಿಪ್ರಾಯ.

● ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸರ್ಕಾರ ಹವ್ಯಾಸಿ ಮತ್ತು ಖಾಸಗಿ ಕೇಂದ್ರಗಳ ಬಾಯಿ ಮುಚ್ಚಿಸಿತು. 9ಎಕ್ಸ್‌ಎಂ ಮಾತ್ರ ನೌಕಾಪಡೆಯ ಪ್ರಯೋಗಗಳಿಗಾಗಿ ಕೆಲಸ ಮುಂದುವರಿಸಿತು. ದನಿಯನ್ನು ಕಳಿಸುವ ವಿದ್ಯೆ ಪಳಗಿದ್ದು ಆ ವರ್ಷಗಳಲ್ಲೇ.

● ಟೆರಿಯವರ ಜತೆಗಿದ್ದ ಹುಡುಗರು ಮುಂದೆ ಏನಾದರು ಗೊತ್ತೇ? ಮಾಲ್ಕಂ ಹ್ಯಾನ್ಸನ್ 1928ರಲ್ಲಿ ಹೊರಟ ರಿಚರ್ಡ್ ಬರ್ಡ್ ಅವರ ಅಂಟಾರ್ಕ್ಟಿಕ ಯಾತ್ರೆಯಲ್ಲಿ ರೇಡಿಯೊ ವಿಭಾಗದ ಮುಖ್ಯಸ್ಥರಾದರು. ಸಿ. ಎಂ. ಜಾನ್ಸ್ಕಿ ದೇಶದ ದೊಡ್ಡ ರೇಡಿಯೊ ಎಂಜಿನಿಯರುಗಳಲ್ಲಿ ಒಬ್ಬರಾದರು. ಅವರ ತಮ್ಮ ಕಾರ್ಲ್ ಜಾನ್ಸ್ಕಿ ಅದೇ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವರು. ನಮ್ಮ ಆಕಾಶಗಂಗೆಯಿಂದ ರೇಡಿಯೊ ತರಂಗಗಳು ಬರುತ್ತಿವೆ ಎಂದು 1930ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಅವರೇ. ರೇಡಿಯೊ ಖಗೋಳವಿಜ್ಞಾನ ಅಲ್ಲಿಂದಲೇ ಶುರು.

● 1922ರ ಜನವರಿ 13ರಂದು 9ಎಕ್ಸ್‌ಎಂ ಹೋಗಿ ಡಬ್ಲ್ಯುಎಚ್‌ಎ ಎಂಬ ಹೊಸ ಹೆಸರು ಬಂತು. ನೆರೆಯ ಮಿನೆಸೋಟ ವಿಶ್ವವಿದ್ಯಾಲಯಕ್ಕೂ ಅದೇ ದಿನ ಲೈಸೆನ್ಸ್ ಸಿಕ್ಕಿತು.

● ಮ್ಯಾಡಿಸನ್ನಿನಲ್ಲಿರುವ ಫಲಕವೊಂದು ಡಬ್ಲ್ಯುಎಚ್‌ಎಯನ್ನು ದೇಶದ ಅತಿ ಹಳೆಯ ಕೇಂದ್ರ ಎನ್ನುತ್ತದೆ. 1920ರ ನವೆಂಬರ್ 2ರಂದು ಚುನಾವಣಾ ಫಲಿತಾಂಶ ಪ್ರಸಾರ ಮಾಡಿದ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರದವರು ಇದನ್ನು ಒಪ್ಪುವುದಿಲ್ಲ. ಯಾರು ಮೊದಲು ಎನ್ನುವುದಕ್ಕಿಂತ ಯಾರು ಏನು ಉಳಿಸಿಕೊಂಡರು ಎಂಬುದು ದೊಡ್ಡ ವಿಷಯ.

● ಉಳಿಸಿಕೊಳ್ಳುವುದು ಎಷ್ಟು ಕಷ್ಟವಿತ್ತು? 1921ರಿಂದ 1936ರವರೆಗೆ ಅಮೆರಿಕದ ಶಿಕ್ಷಣ ಸಂಸ್ಥೆಗಳಿಗೆ 202 ಪ್ರಸಾರ ಲೈಸೆನ್ಸ್‌ಗಳು ಸಿಕ್ಕಿದ್ದವು. 1937ರ ಆರಂಭಕ್ಕೆ ಉಳಿದದ್ದು 38. ಆರ್ಥಿಕ ಕುಸಿತದಲ್ಲಿ ಕಾಲೇಜುಗಳ ಕೈ ಖಾಲಿಯಾಯಿತು. ಒಳ್ಳೆಯ ತರಂಗಾಂತರಗಳ ಮೇಲೆ ಜಾಹೀರಾತು ಕೇಂದ್ರಗಳು ಕಣ್ಣು ಹಾಕಿದ್ದವು. ಹೊತ್ತಲ್ಲದ ಹೊತ್ತಿನ ಪ್ರಸಾರಕ್ಕೆ ದುಡ್ಡು ಸುರಿಯುವುದೇಕೆ ಎಂದು ಅನೇಕ ಆಡಳಿತ ಮಂಡಳಿಗಳು ಲೈಸೆನ್ಸ್ ಕೈಬಿಟ್ಟವು. ವಿಸ್ಕಾನ್ಸಿನ್ ಕೈಬಿಡಲಿಲ್ಲ.

● ಏಕೆ ಬಿಡಲಿಲ್ಲ? ವಿಶ್ವವಿದ್ಯಾಲಯದ ಉಪಕಾರ ರಾಜ್ಯದ ಪ್ರತಿ ಮನೆಗೂ ಮುಟ್ಟಬೇಕು ಎಂದು ಅದರ ಅಧ್ಯಕ್ಷ ಚಾರ್ಲ್ಸ್ ವ್ಯಾನ್ ಹೈಸ್ 20ನೇ ಶತಮಾನದ ಆರಂಭದಲ್ಲೇ ಸಾರಿದ್ದರು. ಈ ನಿಲುವಿಗೆ ‘ವಿಸ್ಕಾನ್ಸಿನ್ ಐಡಿಯಾ’ ಎಂದೇ ಹೆಸರು. ಕೇಂದ್ರದ ಮೊದಲ ಕಾರ್ಯಕ್ರಮ ನಿರ್ದೇಶಕ ವಿಲಿಯಂ ಲೈಟಿ ಅಂಚೆ ಶಿಕ್ಷಣ ವಿಭಾಗದಿಂದ ಬಂದವರು. ಕಾಗದದ ಮೂಲಕ ಪಾಠ ಕಳಿಸುತ್ತಿದ್ದವರಿಗೆ ರೇಡಿಯೊ ಅದೇ ಕೆಲಸದ ಮುಂದುವರಿಕೆಯಾಗಿ ಕಂಡಿತು. ಯಂತ್ರ ಎಂಜಿನಿಯರುಗಳದು, ಗುರಿ ಪಾಠ ಹೇಳುವವರದು. ಕೇಂದ್ರ ಬೆಳೆದದ್ದೇ ಇದರಿಂದ ಎಂದು ನಾನು ನಂಬುತ್ತೇನೆ.

● ಡಬ್ಲ್ಯುಎಚ್‌ಎಗೆ ಬಹಳ ಕಾಲ ಹಗಲಿನಲ್ಲಷ್ಟೇ ಪ್ರಸಾರಕ್ಕೆ ಅನುಮತಿ. ಹೊತ್ತು ಮುಳುಗಿದರೆ ಬಂದ್. ರಾತ್ರಿಯ ಶ್ರೋತೃಗಳು ಸಿಗದ ಮೇಲೆ ಹಗಲಲ್ಲಿ ಸಿಗುವವರು ಯಾರು? ಶಾಲೆಯ ಮಕ್ಕಳು, ಮನೆವಾರ್ತೆಯ ಹೆಂಗಸರು, ರೈತರು. ಈ ಮೂವರಿಗಾಗಿಯೇ ಕಾರ್ಯಕ್ರಮಗಳು ಹುಟ್ಟಿದವು.

● 1931ರಲ್ಲಿ ಶುರುವಾದ ‘ವಿಸ್ಕಾನ್ಸಿನ್ ಸ್ಕೂಲ್ ಆಫ್ ದಿ ಏರ್’ ಹಳ್ಳಿಯ ಏಕೋಪಾಧ್ಯಾಯ ಶಾಲೆಗಳ ಬಾಗಿಲಿಗೆ ವಿಶ್ವವಿದ್ಯಾಲಯವನ್ನೇ ತಂದು ನಿಲ್ಲಿಸಿತು. ಎಲ್ಲ ತರಗತಿಗೂ ಒಬ್ಬರೇ ಟೀಚರ್ ಇರುವಲ್ಲಿ ಸಂಗೀತ ಕಲಿಸುವವರು ಎಲ್ಲಿಂದ ಬರಬೇಕು? ಸಂಗೀತದ ಪ್ರಾಧ್ಯಾಪಕ ಎಡ್ಗರ್ ಗಾರ್ಡನ್ ಸ್ಟುಡಿಯೊದಲ್ಲಿ ಹಾಡಿದರೆ, ರಾಜ್ಯದ ಮೂಲೆಮೂಲೆಯ ಶಾಲೆಗಳಲ್ಲಿ ಮಕ್ಕಳು ದನಿಗೂಡಿಸುತ್ತಿದ್ದರು. ಮಕ್ಕಳಿಗೆ ಅವರು ‘ಪಾಪ್’ ಗಾರ್ಡನ್. ರೇಡಿಯೊದಲ್ಲಿ ಕಲಿತ ಮಕ್ಕಳು ವರ್ಷಕ್ಕೊಮ್ಮೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮ್ಯಾಡಿಸನ್ನಿಗೆ ಬಂದು ಒಟ್ಟಿಗೆ ಹಾಡುತ್ತಿದ್ದರು. ಜಾಗ ಯಾವುದು ಗೊತ್ತೇ? ಕೃಷಿ ವಿಭಾಗದ ದನಗಳ ಪ್ರದರ್ಶನದ ಭವನ. ಒಬ್ಬರ ಮುಖ ಒಬ್ಬರು ಕಾಣದೆ ಒಂದೇ ಹಾಡು ಕಲಿತವರು ಅಲ್ಲಿ ಮೊದಲ ಸಲ ಒಂದೇ ದನಿಯಾಗುತ್ತಿದ್ದರು.

● ರೇಡಿಯೊದಲ್ಲಿ ಚಿತ್ರಕಲೆ ಕಲಿಸಬಹುದೇ? ಜೇಮ್ಸ್ ಶ್ವಾಲ್‌ಬಾಕ್ 1936ರಿಂದ 1970ರವರೆಗೆ ‘ಲೆಟ್ಸ್ ಡ್ರಾ’ ಎಂಬ ಪಾಠ ನಡೆಸಿದರು. ಅವರು ಕಥೆ ಹೇಳುತ್ತಿದ್ದರು, ಹಿಂದೆ ಸಂಗೀತವಿರುತ್ತಿತ್ತು. ಮಕ್ಕಳು ಮನಸ್ಸಿಗೆ ಕಂಡದ್ದನ್ನು ಬರೆಯುತ್ತಿದ್ದರು. ನೋಡಿ ನಕಲು ಮಾಡಲು ಎದುರಿಗೆ ಯಾವ ಚಿತ್ರವೂ ಇಲ್ಲದ್ದರಿಂದ ಪ್ರತಿ ಮಗುವಿನ ಚಿತ್ರವೂ ಅದರ ಸ್ವಂತದ್ದೇ ಆಗುತ್ತಿತ್ತು.

● ‘ರೇಂಜರ್ ಮ್ಯಾಕ್’ ಹೆಸರಿನಲ್ಲಿ ವೇಕ್‌ಲಿನ್ ಮೆಕ್‌ನೀಲ್ ಮಕ್ಕಳಿಗೆ ಕಾಡು, ಹಕ್ಕಿ, ಮಣ್ಣಿನ ಪಾಠ ಹೇಳಿದರು. ಆ ಕಾರ್ಯಕ್ರಮಕ್ಕೆ 1942ರ ಪೀಬಾಡಿ ಪ್ರಶಸ್ತಿ ಸಂದಿತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ 1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮೇಲೆ ಇದೇ ಕೇಂದ್ರದಿಂದ ರೈತರೊಂದಿಗೆ ಮಾತಾಡಿದವರು.

● 1934ರಲ್ಲಿ ಕೇಂದ್ರಕ್ಕೆ ಸ್ವಂತ ಮನೆ ಸಿಕ್ಕಿತು. ಅದು ಕ್ಯಾಂಪಸ್ಸಿಗೆ ಬಿಸಿಹಬೆ ಒದಗಿಸುತ್ತಿದ್ದ ಹಳೆಯ ಬಾಯ್ಲರ್ ಕಟ್ಟಡ.

● ‘ಚಾಪ್ಟರ್ ಎ ಡೇ’ ಎಂಬ ಕಾರ್ಯಕ್ರಮದಲ್ಲಿ ಒಬ್ಬರು ಪುಸ್ತಕವೊಂದನ್ನು ದಿನಕ್ಕಿಷ್ಟು ಎಂದು ಓದುತ್ತಾ ಹೋಗುತ್ತಾರೆ. ಅಷ್ಟೇ. ಶುರುವಾಗಿ 90 ವರ್ಷ ದಾಟಿದರೂ ಕೇಳುಗರು ಅದನ್ನು ಬಿಟ್ಟುಕೊಟ್ಟಿಲ್ಲ. ನಮ್ಮಲ್ಲಿ ಗಮಕ ಕೇಳಿ ಬೆಳೆದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ.

● ಕಾರಿನ ಎಫ್‌ಎಂ ತಿರುಗಿಸಿದರೆ ಅಮೆರಿಕದಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗೆ ಹೆಚ್ಚಾಗಿ ವಿಶ್ವವಿದ್ಯಾಲಯ, ಸಮುದಾಯ, ಧಾರ್ಮಿಕ ಕೇಂದ್ರಗಳೇ ಸಿಗುತ್ತವೆ. ಆ ತರಂಗಾಂತರ ಪಟ್ಟಿಯನ್ನು 1945ರಲ್ಲಿ ಜಾಹೀರಾತಿಲ್ಲದ ಶೈಕ್ಷಣಿಕ ಪ್ರಸಾರಕ್ಕೆಂದು ಕಾದಿರಿಸಲಾಯಿತು. ಎಎಂ ತರಂಗಾಂತರಗಳ ಕಾಲದಲ್ಲಿ ಇಂಥ ಬೇಲಿ ಇರಲಿಲ್ಲ. 202 ಲೈಸೆನ್ಸ್‌ಗಳು 38ಕ್ಕೆ ಇಳಿದದ್ದರಿಂದ ಕಲಿತ ಪಾಠವದು.

● ಎಫ್‌ಎಂ ದಾರಿ ತೆರೆದೊಡನೆ ವಿಸ್ಕಾನ್ಸಿನ್ ಇಡೀ ರಾಜ್ಯವನ್ನು ಮುಟ್ಟಲು ಹೊರಟಿತು. 1947ರಲ್ಲಿ ಮ್ಯಾಡಿಸನ್ನಿನ ಎಫ್‌ಎಂ, ಮರುವರ್ಷ ಡೆಲಫೀಲ್ಡ್, 1952ರ ಹೊತ್ತಿಗೆ ಎಂಟು ಕೇಂದ್ರಗಳು. ದುಬಾರಿ ಟೆಲಿಫೋನ್ ತಂತಿಯ ಬದಲು ಒಂದು ಗುಡ್ಡದ ಗೋಪುರ ಹೊರಡಿಸಿದ್ದನ್ನು ಮುಂದಿನ ಗುಡ್ಡದ ಗೋಪುರ ಗಾಳಿಯಲ್ಲೇ ಹಿಡಿದು ಮರುಪ್ರಸಾರ ಮಾಡುತ್ತಿತ್ತು. ಹಗಲಿನ ಕಟ್ಟೂ ಕಳಚಿತು.

● 1967ರ ಸಾರ್ವಜನಿಕ ಪ್ರಸಾರ ಕಾಯ್ದೆಯ ಕರಡಿನಲ್ಲಿ ಮೊದಲು ಇದ್ದುದು ಟೆಲಿವಿಷನ್ ಮಾತ್ರ. ‘ಮತ್ತು ರೇಡಿಯೊ’ ಎಂಬ ಎರಡು ಪದಗಳನ್ನು ಕೊನೆಯ ಹಂತದಲ್ಲಿ ಸೇರಿಸಿದ್ದು ಶೈಕ್ಷಣಿಕ ರೇಡಿಯೊದವರ ಹಟದಿಂದ. ಆ ಎರಡು ಪದ ಇಲ್ಲದಿದ್ದರೆ ಇಂದಿನ ರಾಷ್ಟ್ರೀಯ ಸಾರ್ವಜನಿಕ ರೇಡಿಯೊ ಜಾಲ ಎನ್‌ಪಿಆರ್ ಇರುತ್ತಿರಲಿಲ್ಲ.

● ಎನ್‌ಪಿಆರ್‌ನ ಧ್ಯೇಯಪತ್ರ ಬರೆದವರು ಬಿಲ್ ಸೀಮರಿಂಗ್. ಅವರು ವಿಸ್ಕಾನ್ಸಿನ್ ಹಳ್ಳಿಯ ಎರಡು ಕೋಣೆಯ ಶಾಲೆಯಲ್ಲಿ ‘ಸ್ಕೂಲ್ ಆಫ್ ದಿ ಏರ್’ ಪಾಠ ಕೇಳಿ ಬೆಳೆದ ಹುಡುಗ. ಮ್ಯಾಡಿಸನ್ನಿನಲ್ಲಿ ಓದುವಾಗ ಡಬ್ಲ್ಯುಎಚ್‌ಎಯಲ್ಲೇ ದುಡಿದರು. ಆಮೇಲೆ ಬಫಲೋ ವಿಶ್ವವಿದ್ಯಾಲಯದ ಡಬ್ಲ್ಯುಬಿಎಫ್‌ಒ ಕೇಂದ್ರವನ್ನು ನಡೆಸಿದರು. ಎನ್‌ಪಿಆರ್‌ನ ಮೊದಲ ಕಾರ್ಯಕ್ರಮ ನಿರ್ದೇಶಕರಾಗಿ 1971ರ ಮೇ 3ರಂದು ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಎಂಬ ಸಂಜೆಯ ವಾರ್ತಾ ಕಾರ್ಯಕ್ರಮ ಶುರುಮಾಡಿದರು. ಅಂದು ವಾಷಿಂಗ್ಟನ್ನಿನ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ ನಡೆದಿತ್ತು. ಬೀದಿಯ ಆ ಸದ್ದೇ ಮೊದಲ ದಿನದ ಮುಖ್ಯ ವರದಿಯಾಯಿತು. ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದ ಕೇಂದ್ರ ನಲವತ್ತು ವರ್ಷದ ಮೇಲೆ ದೇಶಕ್ಕೆ ಕೊಟ್ಟ ಫಲವಿದು. ವಿಶ್ವವಿದ್ಯಾಲಯದ ರೇಡಿಯೊಗೆ ಖರ್ಚೆಷ್ಟು, ಲಾಭವೆಷ್ಟು ಎಂದು ವರ್ಷ ವರ್ಷ ಲೆಕ್ಕ ಕೇಳುವವರು ಸೀಮರಿಂಗ್ ಅವರನ್ನು ಯಾವ ವರ್ಷದ ಖಾತೆಗೆ ಹಾಕುತ್ತಾರೆ?

● ಎಲ್ಲರೂ ಉಳಿಸಿಕೊಂಡಿಲ್ಲ. ಅದೇ ಬಫಲೋ ಕೇಂದ್ರ 2012ರಲ್ಲಿ ವಿಶ್ವವಿದ್ಯಾಲಯದ ಕೈತಪ್ಪಿ ಬೇರೊಂದು ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಮಾರಾಟವಾಯಿತು. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯವೂ ವಿದ್ಯಾರ್ಥಿಗಳು ನಡೆಸುತ್ತಿದ್ದ ಕೇಂದ್ರದ ತರಂಗಾಂತರವನ್ನು ಅದಕ್ಕೆ ಒಂದು ವರ್ಷ ಮುಂಚೆ ಮಾರಿತು. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ ಸುಮಾರು 110 ಕೋಟಿ ಡಾಲರ್ ನೆರವನ್ನು ಹಿಂತೆಗೆದುಕೊಂಡಿತು. ಈಗ ಕೇಳುಗರ ದೇಣಿಗೆಯೇ ಹೆಚ್ಚಿನ ಆಸರೆ.

● ಇನ್ನು ಮೈಸೂರಿನ ನಂಟು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ಮುನ್ನ ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಂ ಹೊರದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ವರದಿ ಕೊಟ್ಟಿದ್ದರು. ಸಂಶೋಧನೆಗೆ ಷಿಕಾಗೊ ಮಾದರಿಯಾದರೆ, ವಿದ್ಯೆಯನ್ನು ಜನರ ನಡುವೆ ಹಂಚಲು ಮಾದರಿಯಾದದ್ದು ಇದೇ ವಿಸ್ಕಾನ್ಸಿನ್! ಅಲ್ಲಿ ಮೊದಲ ಹವಾಮಾನ ಸಂದೇಶ ಹೊರಟದ್ದೂ ಅದೇ 1916ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಕನ್ನಡದಲ್ಲಿ ನಡೆಸಿದ ಪ್ರಚಾರೋಪನ್ಯಾಸಗಳು, ಹೊರತಂದ ಪ್ರಚಾರ ಪುಸ್ತಕಗಳು ಅದೇ ಆಸೆಯ ಬೆಳೆ.

● ಮೈಸೂರಿನ ಮೊದಲ ರೇಡಿಯೊ ಹುಟ್ಟಿದ್ದೂ ಪ್ರಾಧ್ಯಾಪಕರ ಕೈಯಲ್ಲೇ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಸಾಹಿತಿ ನಾ. ಕಸ್ತೂರಿಯವರು ಅವರಿಗೆ ಹೆಗಲು ಕೊಟ್ಟರು. ಮುಂದೆ 250 ವ್ಯಾಟಿಗೆ ಏರಿದ ಆ ಕೇಂದ್ರವನ್ನು 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1950ರ ದಶಕದಲ್ಲಿ ‘ಆಕಾಶವಾಣಿ’ ಎಂಬುದು ದೇಶದ ರೇಡಿಯೊಗೇ ಹೆಸರಾಯಿತು. ಕೇಂದ್ರ ಮಾತ್ರ ವಿಶ್ವವಿದ್ಯಾಲಯದ ಸ್ವತ್ತಾಗಲಿಲ್ಲ. ಆಗಿದ್ದರೆ ಕನ್ನಡದ ಹಳ್ಳಿ ಶಾಲೆಗಳಿಗೆ ಏನೇನು ದಕ್ಕುತ್ತಿತ್ತು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

● ತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಶಿಕ್ಷಣ ಸಂಸ್ಥೆಗಳು ಸ್ವಂತ ರೇಡಿಯೊ ನಡೆಸಲು ಸರ್ಕಾರ ಬಾಗಿಲು ತೆರೆದದ್ದು 2002ರ ಕೊನೆಗೆ. 2004ರ ಫೆಬ್ರುವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ ದನಿ ಎತ್ತಿತು. ನಮ್ಮಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಣಿಪಾಲ, ಮಂಗಳೂರು, ತುಮಕೂರಿನ ಕ್ಯಾಂಪಸ್‌ಗಳಿಂದಲೂ ಪ್ರಸಾರ ಬಂದಿದೆ.

● ಆದರೆ ಇವಕ್ಕೆ ಸಿಗುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ದನಿ ಹತ್ತು ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ. ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬಹುದು. ಒಂದು ಜಿಲ್ಲೆಯ ವಿಶ್ವವಿದ್ಯಾಲಯ ಆ ಜಿಲ್ಲೆಯ ಅರ್ಧ ಹಳ್ಳಿಗಳಿಗೂ ಮುಟ್ಟಲಾಗದ ಈ ನಿಯಮ ಬದಲಾಗಲೇಬೇಕು.

ನಿಮ್ಮೂರಿನ ಹತ್ತಿರದ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಇಂಥ ಕೇಂದ್ರವಿದ್ದರೆ ಈ ವಾರ ಒಮ್ಮೆ ಹಚ್ಚಿ ಕೇಳಿ. ಮಳೆ, ಮಾರುಕಟ್ಟೆ ದರ, ಮಕ್ಕಳ ಹಾಡು, ಪುಸ್ತಕದ ಓದು, ನಿಮಗೆ ಬೇಕಾದುದು ಅಲ್ಲಿ ಇಲ್ಲದಿದ್ದರೆ ಬೇಕು ಎಂದು ಅವರಿಗೆ ಒಂದು ಕಾಗದ ಬರೆಯಿರಿ.