ಜಾಲರಿಯಾಚೆಯ ಮುಖ

ಮಿರಜ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ಕುಪವಾಡದ ಕುಟುಂಬಗಳಿಗೆ ಬೆಳಗಾವಿ ದೂರವೇನಲ್ಲ. ಅದರ ಸಮೀಪದ ಭೂತರಾಮನಹಟ್ಟಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯವಿದೆ. ದಕ್ಷಿಣಕ್ಕೆ ಸಾಗಿದರೆ, ಹತ್ತನೆಯ ಚಾಮರಾಜ ಒಡೆಯರು ೧೮೯೨ರಲ್ಲಿ ಸ್ಥಾಪಿಸಿದ ಮೈಸೂರು ಮೃಗಾಲಯ. ಪ್ರವಾಸದಿಂದ ಮರಳುವಾಗ ಮನೆಯ ಮೊಬೈಲಿನಲ್ಲಿ ಚಿತ್ರಗಳು ತುಂಬಿರುತ್ತವೆ. ಆದರೆ ಅವುಗಳಲ್ಲಿ ಎದ್ದು ಕಾಣುವುದು ಹುಲಿಯಲ್ಲ, ಹುಲಿಯ ಮುಂದಿನ ಜಾಲರಿ.

ಇದಕ್ಕೆ ಪರಿಹಾರ ಕಠಿಣವಲ್ಲ. ತಡೆಗಟ್ಟೆಯನ್ನು ದಾಟದೆ, ಜಾಲರಿಯ ಮೇಲೆ ಬಿಸಿಲು ಬೀಳದ ಜಾಗದಲ್ಲಿ ನಿಲ್ಲಬೇಕು. ಪ್ರಾಣಿ ಜಾಲರಿಯಿಂದ ಸಾಕಷ್ಟು ಹಿಂದೆ ಸರಿದಾಗ, ದೂರದ್ದನ್ನು ಹತ್ತಿರ ತೋರುವ ಮಸೂರದಲ್ಲಿ ತಂತಿಗಳು ಮಸುಕಾಗಿ ಕರಗಿಹೋಗುತ್ತವೆ. ಗಾಜಿನ ಗೋಡೆಯಿದ್ದರೆ ಮಸೂರವನ್ನು ಅದಕ್ಕೆ ತಾಗಿಸಿ ಹಿಡಿದು, ಸುತ್ತ ಕಪ್ಪು ಬಟ್ಟೆಯ ಮರೆ ಮಾಡಿದರೆ ಪ್ರತಿಬಿಂಬ ಬೀಳದು. ಫ್ಲ್ಯಾಶ್ ಬಳಸಬಾರದು, ಗಾಜನ್ನು ತಟ್ಟಲೂಬಾರದು. ಚಿತ್ರದ ಜೀವವಿರುವುದು ಕಣ್ಣಿನಲ್ಲಿ. ಸ್ಪಷ್ಟತೆ ಅಲ್ಲಿಯೇ ನೆಲೆಸಬೇಕು. ಪ್ರಾಣಿಯ ಕಣ್ಣಿನ ಎತ್ತರದಿಂದ ತೆಗೆದ ಚಿತ್ರ ಹೆಚ್ಚು ಆಪ್ತವಾಗುವುದರಿಂದ ಇಲ್ಲಿ ಹಿರಿಯರಿಗಿಂತ ಮಕ್ಕಳಿಗೇ ಅನುಕೂಲ ಹೆಚ್ಚು.

ಮುಖವನ್ನು ಸೆರೆಹಿಡಿಯುವುದಕ್ಕಿಂತ ಅದನ್ನು ಓದುವುದು ಕಷ್ಟ. ಹಲ್ಲು ತೋರುವ ಚಿಂಪಾಂಜಿ ನಗುತ್ತಿದೆಯೆಂದು ನಾವು ಭಾವಿಸುತ್ತೇವೆ. ಅನೇಕ ವೇಳೆ ಅದು ಭಯದ ಗುರುತು. ೨೦೦೭ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಮೃಗಾಲಯದಲ್ಲಿ ಬೊಕಿಟೊ ಎಂಬ ಗೊರಿಲ್ಲಾ ಆವರಣ ದಾಟಿ ಬಂದು ಮಹಿಳೆಯೊಬ್ಬರನ್ನು ತೀವ್ರವಾಗಿ ಗಾಯಗೊಳಿಸಿತು. ಅವರು ಪದೇಪದೇ ಬಂದು ಅದರ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿದ್ದವರು. ಅದೂ ಮರಳಿ ನಗುತ್ತದೆಂದೇ ನಂಬಿದ್ದವರು. ಗೊರಿಲ್ಲಾಗಳ ಲೋಕದಲ್ಲಿ ದಿಟ್ಟಿಸಿ ನೋಡುವುದು ಸ್ನೇಹವಲ್ಲ, ಸವಾಲು. ೨೦೨೧ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೊ ಮತ್ತು ಡೆಂಬಾ ಗೊರಿಲ್ಲಾಗಳ ಮುಂದೆ ನಿಲ್ಲುವವರೂ ಇದನ್ನು ನೆನೆಯಬೇಕು. ಅವು ತಾವಾಗಿ ಇತ್ತ ತಿರುಗುವವರೆಗೆ ಕಾಯುವುದೇ ಛಾಯಾಗ್ರಾಹಕನ ಸೌಜನ್ಯ.

ಚಿತ್ರವನ್ನು ತಿದ್ದುವಾಗಲೂ ಇದೇ ಸಂಯಮ ಬೇಕು. ಅನವಶ್ಯಕ ಅಂಚನ್ನು ಕತ್ತರಿಸುವುದು, ನೆರಳಿನಲ್ಲಿರುವ ಮುಖವನ್ನು ತುಸು ಬೆಳಗಿಸುವುದು, ಹಿನ್ನೆಲೆಯನ್ನು ಮಬ್ಬುಗೊಳಿಸುವುದು, ಸಿಮೆಂಟಿನ ಬಣ್ಣ ಕಣ್ಣಿಗೆ ಚುಚ್ಚಿದರೆ ಕಪ್ಪುಬಿಳುಪಿಗೆ ಬದಲಿಸುವುದು ಒಪ್ಪತಕ್ಕವು. ಇಲ್ಲದ ಕಣ್ಣೀರನ್ನು ಸೇರಿಸುವುದು, ಗೋಡೆಯ ಜಾಗದಲ್ಲಿ ಕಾಡನ್ನು ಅಂಟಿಸುವುದು ಸುಳ್ಳು. ೨೦೦೯ರಲ್ಲಿ ಲಂಡನ್ನಿನ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ, ಬೇಲಿ ಜಿಗಿಯುವ ತೋಳದ ಚಿತ್ರಕ್ಕೆ ಅಗ್ರ ಪ್ರಶಸ್ತಿ ಬಂದಿತ್ತು. ಆ ತೋಳ ಬಹುಶಃ ಪಳಗಿಸಿದ್ದೆಂದು ತೀರ್ಪುಗಾರರಿಗೆ ಮನವರಿಕೆಯಾದ್ದರಿಂದ, ಛಾಯಾಗ್ರಾಹಕರು ಅಲ್ಲಗಳೆದರೂ, ಮರುವರ್ಷದ ಜನವರಿಯಲ್ಲಿ ಪ್ರಶಸ್ತಿ ರದ್ದಾಯಿತು. ಚಿತ್ರ ಸುಂದರವಾಗಿಯೇ ಇತ್ತು. ಅದರ ಮೇಲಿನ ನಂಬಿಕೆ ಮಾತ್ರ ಉಳಿಯಲಿಲ್ಲ.

ಆದ್ದರಿಂದ ಪ್ರವಾಸದ ಚಿತ್ರವನ್ನು ಶಾಲೆಯ ಭಿತ್ತಿಪತ್ರಿಕೆಗೆ ಅಂಟಿಸುವ ಮುನ್ನ ವಿದ್ಯಾರ್ಥಿಗಳು ಕೆಳಗೆ ಎರಡು ಸಾಲು ಕನ್ನಡ ಬರೆಯಲಿ: ಪ್ರಾಣಿ ಯಾವುದು, ಮೃಗಾಲಯ ಯಾವುದು, ದಿನಾಂಕವೇನು, ಆ ಕ್ಷಣದಲ್ಲಿ ಅದು ಏನು ಮಾಡುತ್ತಿತ್ತು. ಬಾಯಿ ತೆರೆದ ಹುಲಿಯ ಚಿತ್ರಕ್ಕೆ “ಘರ್ಜಿಸುವ ವ್ಯಾಘ್ರ” ಎಂಬ ಶೀರ್ಷಿಕೆ ಸುಲಭವಾಗಿ ಹೊಳೆಯುತ್ತದೆ. ನಿಂತು ನೋಡಿದ ಮಗುವಿಗೆ ಮಾತ್ರ ನಿಜ ಗೊತ್ತಿರುತ್ತದೆ: ಮಧ್ಯಾಹ್ನದ ನಿದ್ದೆ ತಿಳಿದ ಹುಲಿ ಆಗ ಆಕಳಿಸುತ್ತಿತ್ತು.